ಆಜಾನ್ ಮುಗಿಯುವವರೆಗೆ

ಹಾಡುತ್ತಿದ್ದ ಮಗಳು ಚರಣದ ನಡುವೆ ತಟ್ಟನೆ ನಿಲ್ಲಿಸಿದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸಾಲು ಮರೆತಳು, ಕೆಲಸ ಹೋಯಿತು ಅಂದುಕೊಂಡೆ. ಕುವೈತಿನ ಮಾಲೊಂದರಲ್ಲಿ ಮಕ್ಕಳ ಬೇಸಿಗೆ ನಾಟಕಕ್ಕೆ ಹಾಡುವ ನಟಿಯ ಆಯ್ಕೆ ಅದು. ಬೆಂಗಳೂರಿನಲ್ಲಿ ಮ್ಯೂಸಿಕಲ್ ಥಿಯೇಟರ್ ಓದುತ್ತಿದ್ದ ಅವಳು ರಜೆಗೆಂದು ಕುವೈತಿನ ನಮ್ಮ ಮನೆಗೆ ಬಂದಿದ್ದಳು; ಈ ರಜೆಯಲ್ಲೂ ಕೆಲಸ ಸಿಗದಿದ್ದರೆ ಬಿ.ಕಾಂ. ಸೇರುತ್ತೇನೆಂದು ನನಗೆ ಮಾತು ಕೊಟ್ಟಿದ್ದಳು.

ಆಮೇಲೆ ನನಗೂ ಕೇಳಿಸಿತು, ಪಕ್ಕದ ಮಸೀದಿಯ ಆಜಾನ್. ಅದು ಮುಗಿದ ಮೇಲೆ ಮಗಳು ನಿಲ್ಲಿಸಿದ ಪದದಿಂದಲೇ ಹಾಡು ಎತ್ತಿಕೊಂಡಳು. ನಿರ್ದೇಶಕಿ, ಲೆಬನಾನಿನವರು, ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತಿ ನೋಡಿದರು. ಶ್ರುತಿ ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಇಷ್ಟು ಹೊತ್ತು ಸ್ವರವನ್ನ ಎಲ್ಲಿಟ್ಟುಕೊಂಡಿದ್ದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲೇ ಅಬ್ಬಾಸಿಯಾದಲ್ಲಿ ನಮ್ಮ ಫ್ಲ್ಯಾಟಿನ ಹಿಂದೇನೇ ಮಸೀದಿ, ಮೇಡಂ. ಚಿಕ್ಕಂದಿನಿಂದ ನನ್ನ ಪ್ರಾಕ್ಟೀಸ್ ಹೀಗೇ," ಅಂದಳು ಮಗಳು.

ಅವರು ನಕ್ಕು, ಭಾನುವಾರ ರಿಹರ್ಸಲ್‌ಗೆ ಬರಲು ಹೇಳಿದರು.

ರಜೆ ಮುಗಿಸಿ ಅವಳು ಅದೇ ಕಾಲೇಜಿಗೆ ಮರಳಿದಳು. ಬಿ.ಕಾಂ. ಸುದ್ದಿ ನಾನು ಮತ್ತೆ ಎತ್ತಲಿಲ್ಲ. ಈಗ ಮನೆಯಲ್ಲಿ ಆಜಾನ್ ನಿಂತ ಕೂಡಲೇ, ಒಳಕೋಣೆಯಿಂದ ಹಾಡಿನ ಉಳಿದರ್ಧ ಬರುತ್ತದೇನೋ ಎಂದು ಕಿವಿ ಕಾಯುತ್ತದೆ.