ಕಸಬರಿಗೆ ಚುಕ್ಕಿ

ನನ್ನ ತಾಯಿ ಎಂಟು ವರ್ಷದವಳಿದ್ದಾಗ ಕಂಪ್ಲಿಯ ಮನೆಯಂಗಳದಲ್ಲಿ ನಿಂತು ಬಾಲದ ಚುಕ್ಕಿ, ಅಂದರೆ ಧೂಮಕೇತು, ನೋಡಿದಳು ಎಂಬುದು ನಮ್ಮ ವಂಶದ ವಿವಾದಿತ ಇತಿಹಾಸ. ಸಾಕ್ಷಿ ಅವಳೊಬ್ಬಳೇ. ಪ್ರತಿವಾದಿ ಅವಳ ತಮ್ಮ, ಅಂದರೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಸೋದರಮಾವ. ಹತ್ತಿರ ಹತ್ತಿರ ಅರವತ್ತು ವರ್ಷ ನಡೆದ ಈ ವ್ಯಾಜ್ಯ ಮದುವೆ, ಸೀಮಂತ, ತಿಥಿ ಎನ್ನದೆ ಪ್ರತಿ ಪಂಕ್ತಿಯಲ್ಲೂ ವಿಚಾರಣೆಗೆ ಬರುತ್ತಿತ್ತು.

ತಾಯಿಯ ಹೇಳಿಕೆಯನ್ನು ನಾನು ಹೊಸಪೇಟೆಯ ಮಾಳಿಗೆಯ ಮೇಲೆ ಮಲಗಿ ಎಷ್ಟು ಸಲ ಕೇಳಿದ್ದೇನೋ. ಅಕ್ಟೋಬರ್ ತಿಂಗಳ ನಸುಕು. ಅಜ್ಜ ಅವಳನ್ನು ಎಬ್ಬಿಸಿ, ತಾವು ಹೊದ್ದ ಕಂಬಳಿಯನ್ನೇ ಹೊದಿಸಿ, ಮೂಡಲಿಗೆ ಕೈ ತೋರಿಸಿದರು. ಕಾಲುವೆಯ ನೀರಿನ ಸದ್ದು, ಹಸಿ ಹುಲ್ಲಿನ ವಾಸನೆ. ಚುಕ್ಕಿ ಕೆಳಗಿತ್ತು, ಬಾಲ ಮೇಲಕ್ಕೆ ಎದ್ದಿತ್ತು, ಕಸಬರಿಗೆಯನ್ನು ಹಿಡಿ ಕೆಳಗೆ ಮಾಡಿ ನಿಲ್ಲಿಸಿದ ಹಾಗೆ.

ಮಾವನ ಆಕ್ಷೇಪ ಇದ್ದದ್ದೇ ಇಲ್ಲಿ.

"ಬಾಲ ಅಂದ್ರ ಕೆಳಗ ಜೋತು ಬೀಳ್ತೈತಿ. ಎಮ್ಮಿ ಬಾಲ ಎಲ್ಯಾರ ಮ್ಯಾಲೆ ನಿಂತಿದ್ದು ನೋಡಿಯೇನಕ್ಕ? ನೀ ಮಕ್ಕೊಂಡು ಕನಸು ಕಂಡಿ."

"ಕಣ್ಣಾರೆ ಕಂಡೀನಿ ಲೇ!"

"ಮನ್ಯಾಗ ಕಸಬರಿಗಿ ತಲಿಕೆಳಗ ನಿಂದ್ರಿಸಬಾರ್ದು ಅಂತಾರ. ದೇವರಿಗೆ ಅಷ್ಟೂ ತಿಳಿಯಂಗಿಲ್ಲನು?"

ಇಂಥ ಶಾಸ್ತ್ರಾಧಾರದ ಮುಂದೆ ತಾಯಿ ಹಪ್ಪಳ ಮುರಿಯುತ್ತ ಕೂರುತ್ತಿದ್ದಳು. ಪಂಕ್ತಿಯವರು ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಅಜ್ಜ ಮಾತು ಕಡಿಮೆಯ ಮನುಷ್ಯ. ಅವರು ಮಗಳೊಬ್ಬಳಿಗೆಂದು ಮಾಡಿದ್ದು ಅದೊಂದೇ, ಅದೂ ಕನಸಾದರೆ ಅವಳ ಪಾಲಿಗೆ ಉಳಿಯುವುದೇನು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಈಚೆಗೆ ಇನ್ನೊಂದು ಅಕ್ಟೋಬರಿನಲ್ಲಿ, ಸಂಜೆಯ ಪಡುವಣದಲ್ಲಿ ಬಾಲದ ಚುಕ್ಕಿ ಕಾಣುತ್ತದೆಂದು ಪೇಪರಿನಲ್ಲಿ ಬಂತು. ತಾಯಿ ಆ ಹಾಳೆಯನ್ನು ಕೋರ್ಟಿನ ನೋಟೀಸಿನಂತೆ ಮಡಚಿಟ್ಟುಕೊಂಡಳು. ನಾನು ಗೆಳೆಯರೊಬ್ಬರಿಂದ ದುರ್ಬೀನು ತಂದೆ.

ಮೊದಲ ಸಂಜೆ ಹೊಸಪೇಟೆಯಲ್ಲಿ ಮೋಡ. ಎರಡನೆಯ ಸಂಜೆ ಸಂಡೂರಿನ ಗುಡ್ಡದ ಮೇಲೆ ಬೆಳಕೊಂದು ಹಿಂದೆ ಮಸುಕು ಬಾಲ ಎಳೆಯುತ್ತ ನಿಧಾನ ಇಳಿಯಿತು. ಮಾಳಿಗೆಯ ಮೇಲೆ ನೆರೆದ ಓಣಿಯವರೆಲ್ಲ ಕೈ ಮುಗಿದೆವು. ಗಣಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯವರು ಮಾತ್ರ ಮುಗಿಯಲಿಲ್ಲ.

"ಅದು ಅದಿರಿನ ಟಿಪ್ಪರ್ ರೀ. ಹಿಂದ ಕಾಣೋದು ಧೂಳು."

ತಾಯಿ ಸೆರಗು ಕೊಡವಿದಳು. "ನಾಳೆ ಕಂಪ್ಲಿಗೆ ನಡಿ. ಅವನ ಮುಂದ ನೋಡಬೇಕು."

ಮೂರನೆಯ ಸಂಜೆ ಗಿರಣಿಯ ಬಯಲಿನಲ್ಲಿ, ಭತ್ತ ಒಣಗಿಸುವ ಗಚ್ಚಿನ ಮೇಲೆ, ಮಾವ ಕುರ್ಚಿ ಹಾಕಿಸಿಕೊಂಡು ನ್ಯಾಯಾಧೀಶರಂತೆ ಕುಳಿತಿದ್ದರು. ಅವರೇ ದೀಪ ಆರಿಸಿದ್ದರು; ಅಷ್ಟು ನ್ಯಾಯ ಅವರಲ್ಲಿ ಮೊದಲಿನಿಂದಲೂ ಇದೆ. ಗದ್ದೆಗಳಾಚೆ ಸೂರ್ಯ ಮುಳುಗಿ ಬೆಳ್ಳಿಚುಕ್ಕಿ ಮಿನುಗಿತು. ಅದರ ಮೇಲ್ಗಡೆ ಹುಡುಕಾಡಿದೆ. ಸಿಕ್ಕಿತು. ದುರ್ಬೀನನ್ನು ತಾಯಿಯ ಕೈಗೆ ಕೊಡಹೋದರೆ ಅವಳು ಮುಟ್ಟಲಿಲ್ಲ.

"ಮೊದಲು ಅವನಿಗೆ ಕೊಡು."

ಮಾವ ನೋಡಿದರು. ಬಹಳ ಹೊತ್ತು ನೋಡಿದರು. ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆ, ಸೂರ್ಯ ಕೆಳಗಿಳಿದಾಗ ಅದು ಮೇಲಕ್ಕೇ ನಿಲ್ಲಬೇಕು ಎಂದು ನಾನು ಗಂಭೀರವಾಗಿ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಮ್ಯಾಲೇ ಐತಲ್ಲಕ್ಕ," ಎಂದರು ಮಾವ.

ಗೆದ್ದವಳ ಭಾಷಣಕ್ಕೆ ನಾನು ಕಿವಿ ನಿಮಿರಿಸಿದೆ. ತಾಯಿ ಹೋಗಿ ಮಾವನ ಕುರ್ಚಿಯ ಹಿಂದೆ ನಿಂತಳು. ಮಾವನೇ ಮತ್ತೆ ಕೇಳಿದರು, ದುರ್ಬೀನಿನಿಂದ ಕಣ್ಣು ತೆಗೆಯದೆ:

"ಅವತ್ತು ಅಪ್ಪ ನನ್ನ ಯಾಕ ಎಬ್ಬಿಸ್ಲಿಲ್ಲ?"

"ನಿನಗ ಜ್ವರ ಬಂದಿತ್ತಲೇ. ಎರಡು ಸಲ ನಿನ್ನ ಹಾಸಿಗಿ ತನಕ ಹೋದ. ಹಣಿ ಮುಟ್ಟಿ ನೋಡಿ ವಾಪಸ್ ಬಂದ."

"ಇದನ್ನ ಮೊದಲ ಹೇಳಬಾರ್ದಾಗಿತ್ತನು?"

"ನೀ ಕನಸು ಅಂದಿ. ಕನಸಿನಾಗಿಂದು ಏನಂತ ಹೇಳ್ಲಿ?"

ಚುಕ್ಕಿ ಗದ್ದೆಗಳ ಹಿಂದೆ ಇಳಿಯುವ ತನಕ ಮಾವ ದುರ್ಬೀನನ್ನು ಕೊಡಲಿಲ್ಲ. ತಾಯಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತೇ ಇದ್ದಳು. ತನ್ನ ಸರದಿ ಕೇಳಲಿಲ್ಲ.