ಬಸಳೆ ದಂಟು ಮತ್ತು ನನ್ನ ಬಾಯಿಯ ಶಬ್ದ

ಮೊದಲೇ ಒಪ್ಪಿಕೊಂಡುಬಿಡ್ತೇನೆ. ನನ್ನ ಅಕ್ಕನ ಮಗಳ ಹೊಟ್ಟೆ ನಾಲ್ಕು ದಿನ ಕಟ್ಟಿ ಕೂತದ್ದು ನನ್ನಿಂದ. ಇವತ್ತು ಮಧ್ಯಾಹ್ನ ಅಡುಗೆಮನೆಯಿಂದ ಬಸಳೆ ಮತ್ತು ಒಣ ಸಿಗಡಿಯ ಪರಿಮಳ ಬಂದದ್ದೇ ತಡ, ಆ ಪಾಪ ನೆನಪಾಯಿತು. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಕದ್ರಿಯ ನಮ್ಮ ಮನೆಯಲ್ಲಿ ಬಸಳೆಯ ಸೊಪ್ಪಿಗಿಂತ ದಂಟಿಗೆ ಮರ್ಯಾದೆ ಹೆಚ್ಚು. ಎಳೆಯದಾದರೆ ಜಗಿದು ನುಂಗುವುದು, ಬಲಿತದ್ದಾದರೆ ರಸ ಹೀರಿ ನಾರನ್ನು ತಟ್ಟೆಯ ಅಂಚಿಗೆ ಇಡುವುದು. ಅಮ್ಮ ಹೀರುವಾಗ ಬರುವ ಶಬ್ದ, ನೀರು ನಿಂತ ನಳ್ಳಿಯನ್ನು ತಿರುಗಿಸಿದಂತೆ. ನನಗೋ ಯಾರನ್ನು ಕಂಡರೂ ಅವರ ಹಾಗೆ ಮಾಡುವ ಚಟ. ಬೆಂಗ್ರೆಯಿಂದ ಬರುವ ಮೀನಿನವರು, ಬಸ್ಸಿನ ಕಂಡಕ್ಟರು, ಆಫೀಸಿನ ಮ್ಯಾನೇಜರರ ಕೆಮ್ಮು, ಯಾರನ್ನೂ ಬಿಟ್ಟವನಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ ಅಮ್ಮ ಬಸಳೆ ತಿನ್ನುವುದನ್ನು ಮಾಡಿ ತೋರಿಸಿದೆ. ಕಣ್ಣು ಅರ್ಧ ಮುಚ್ಚಿ, ತಲೆ ಅಲ್ಲಾಡಿಸಿ, ಸುರ್ರ್, ಪಚಕ್.

ಎಲ್ಲರೂ ನಕ್ಕರು, ಅಮ್ಮನೂ. ಅಕ್ಕನ ಮಗಳು, ಆರು ವರ್ಷದ ಮನ್ವಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ದಂಟನ್ನು ಒಮ್ಮೆ ನೋಡಿದಳು, ಮೆಲ್ಲಗೆ ಪಾತ್ರೆಗೇ ವಾಪಸ್ ಹಾಕಿದಳು.

ಅಲ್ಲಿಂದ ಶುರು. ಬಸಳೆ ಬೇಡ. ಮರುದಿನ ಬೀನ್ಸ್ ಬೇಡ, ಅದರಲ್ಲಿ ನೂಲು ಉಂಟು. ನುಗ್ಗೆಯಲ್ಲಿ ನೂಲು, ಹಲಸಿನ ಹಣ್ಣಿನಲ್ಲಿ ನೂಲು. ಕುಚ್ಚಲಕ್ಕಿ ಗಂಜಿ ಲೋಳೆ. ಕೊನೆಗೆ ಉಳಿದದ್ದು ಬೆಳ್ತಿಗೆಯ ಬಿಳಿ ಅನ್ನ, ಮೊಸರು, ಬ್ರೆಡ್ಡು, ಐಸ್‌ಕ್ರೀಮು. ಹಲ್ಲಿಗೆ ಹೇಳದೆಯೇ ಗಂಟಲಿಗೆ ಹೋಗುವಂಥದ್ದು ಮಾತ್ರ. ಪಕ್ಕದ ಮನೆಯವರು "ಮಗು ಸಪೂರ ಆಗಿದೆ ಅಲ್ವಾ" ಅಂದರು. ಅಮ್ಮ ಗಾಬರಿಯಲ್ಲಿ ಐಸ್‌ಕ್ರೀಮಿನ ಇನ್ನೊಂದು ಉಂಡೆ ಹಾಕಿದರು.

ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮನ್ವಿ ಬಾತ್‌ರೂಮಿನಿಂದ ಅಳುತ್ತಾ ಬಂದಳು. ನಾಲ್ಕನೇ ದಿನವೂ ಏನೂ ಆಗಲಿಲ್ಲ. "ಹೊಟ್ಟೆಯಲ್ಲಿ ಕಲ್ಲು ಉಂಟು ಮಾಮ" ಅಂದಳು. ಆ ದಿನ ನಾನು ಯಾರ ಹಾಗೂ ಮಾತಾಡಲಿಲ್ಲ.

ಕಂಕನಾಡಿಯ ಡಾಕ್ಟರು ಮೊದಲು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. "ತೂಕ ಸರಿ ಉಂಟು. ದಪ್ಪ ಮಾಡ್ಲಿಕ್ಕೆ ಹೋಗಬೇಡಿ. ನಾರು ಬೇಕು, ನೀರು ಬೇಕು. ಎಂತ ತಿನ್ನುವುದಿಲ್ಲ ನೀನು?"

"ನೂಲು. ಮತ್ತೆ ಲೋಳೆ."

"ಕರಕರ ಅನ್ನುವುದು ಆಗ್ತದಾ?"

ಮನ್ವಿ ಯೋಚಿಸಿ ತಲೆಯಾಡಿಸಿದಳು. ಡಾಕ್ಟರು ಹೊಟ್ಟೆಗೆ ಒಂದು ಔಷಧಿ ಬರೆದು, ಅದರ ಕೆಳಗೆ ಪೇರಳೆ, ಮುಳ್ಳುಸೌತೆ, ಹುರಿದ ಕಡಲೆ ಅಂತಲೂ ಬರೆದರು. "ಒತ್ತಾಯ ಮಾಡಬೇಡಿ. ಎದುರಿಗೆ ಕೂತು ನೀವು ತಿನ್ನಿ. ನೋಡಿ ಕಲೀತಾಳೆ."

ಅಕ್ಕ ನನ್ನ ಕಡೆ ಕಣ್ಣು ಹಾಯಿಸಿ ಹೇಳಿದಳು, "ನೋಡಿ ಕಲಿತೇ ಹೀಗಾದದ್ದು ಡಾಕ್ಟ್ರೆ."

ಔಷಧಿಯೂ ಪೇರಳೆಯೂ ಸೇರಿ ಹೊಟ್ಟೆಯ ಕಲ್ಲನ್ನು ಇಳಿಸಿದವು. ಆದರೆ ಅಮ್ಮನಿಗೆ ಸಮಾಧಾನ ಇಲ್ಲ. ನಮ್ಮ ಮನೆಯ ಮಗು ಬಸಳೆ ತಿನ್ನುವುದಿಲ್ಲ ಅಂದರೆ ಕೇಳಿದವರು ಏನಂದಾರು? ದಂಟನ್ನು ಮಿಕ್ಸಿಗೆ ಹಾಕಿ ನೀರುದೋಸೆ ಹಿಟ್ಟಿಗೆ ಬೆರೆಸಿದರು. ಹಸಿರು ದೋಸೆಯನ್ನು ನೋಡಿ ಮನ್ವಿ ಕೇಳಿದಳು, "ದೋಸೆಗೆ ಹುಷಾರಿಲ್ಲವಾ ಅಜ್ಜಿ?"

ಅಮ್ಮ ಕಾವಲಿ ಕೆಳಗಿಟ್ಟು ನನ್ನನ್ನು ಕರೆದರು. "ಹಾಳು ಮಾಡಿದ್ದು ನೀನು. ಸರಿಯೂ ನೀನೇ ಮಾಡು ಮಾರಾಯ."

ಸರಿ, ಮುಂದಿನ ಭಾನುವಾರ ಬಸಳೆ ಬಡಿಸಿಕೊಂಡು ಅವಳ ಎದುರಿಗೆ ಕೂತೆ. ದಂಟನ್ನು ತುಟಿಗೆ ತಂದೆ, ಕಣ್ಣು ಮುಚ್ಚಿದೆ, ಈ ಸಲ ಲೋಕದ ಸುಖವೆಲ್ಲ ಬಾಯಲ್ಲೇ ಇರುವಂತೆ ಹೀರಿದೆ. ಇಲ್ಲಿ ನನ್ನ ಎರಡನೇ ಪಾಪವನ್ನೂ ಹೇಳಬೇಕು. ನಾನು ಹುಟ್ಟಿದಂದಿನಿಂದ ಬಸಳೆ ದಂಟು ತಿಂದವನಲ್ಲ. ಅವಳಷ್ಟೇ ದೊಡ್ಡವನಿದ್ದಾಗ ಅಮ್ಮನ ಕಣ್ಣು ತಪ್ಪಿಸಲು ಬಾಯಲ್ಲಿ ಶಬ್ದ ಮಾಡಿ, ದಂಟನ್ನು ಅನ್ನದ ಅಡಿಗೆ ತಳ್ಳುವುದನ್ನು ಕಲಿತೆ. ನನ್ನ ಮಿಮಿಕ್ರಿಯ ಮೊದಲ ಐಟಂ ಅದೇ.

"ಬಾಯಿ ತೆಗಿ ಮಾಮ."

ತೆಗೆದೆ. ಒಳಗೆ ನಾಲಗೆ ಬಿಟ್ಟರೆ ಏನೂ ಇಲ್ಲ. ಅವಳು ಚಮಚದಿಂದ ನನ್ನ ಅನ್ನದ ಗುಡ್ಡೆಯನ್ನು ಎತ್ತಿದಳು. ಅಡಿಯಲ್ಲಿ ಮೂರು ದಂಟು, ಇಡಿಯಾಗಿ. ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಮನ್ವಿ ಅಜ್ಜಿಗೆ ಒಂದು ಮಾತು ಹೇಳಿದಳು. ಆ ಮಾತಿಗೆ ಮೂರನ್ನೂ ಜಗಿದು ನುಂಗಿದೆ. ಲೋಳೆ ನಿಜವೇ, ಆದರೆ ಒಳಗೆ ಮಸಾಲೆ ಹಿಡಿದಿತ್ತು. ನನ್ನ ಮುಖವನ್ನು ಕೊನೆಯವರೆಗೆ ನೋಡಿ ಅವಳೂ ಒಂದು ಎಳೆ ದಂಟಿನ ಅರ್ಧವನ್ನು ಬಾಯಿಗೆ ಹಾಕಿಕೊಂಡಳು.

ಈಗ ಅವಳದ್ದು ಎರಡು, ನನ್ನದು ನಾಲ್ಕು, ಹಾಗೆಂದು ತೀರ್ಮಾನ. ಇವತ್ತೂ ಒಂದು ದಂಟು ಹೇಗೋ ನನ್ನ ಅನ್ನದ ಅಡಿಗೆ ಹೋಗಿತ್ತು. ಮನ್ವಿ ನನ್ನ ತಟ್ಟೆಯನ್ನೇ ನೋಡಿದಳು. ನಾನೇ ತೆಗೆದು ಜಗಿದೆ. ಅವತ್ತು ನನ್ನ ಅನ್ನದ ಗುಡ್ಡೆ ಎತ್ತಿ ಅವಳು ಅಜ್ಜಿಗೆ ಹೇಳಿದ್ದು ಇಷ್ಟೇ:

"ಅಜ್ಜಿ, ಮಾಮ ತಿನ್ನುವುದೇ ಇಲ್ಲ, ಶಬ್ದ ಮಾತ್ರ ಮಾಡ್ತಾನೆ. ಇವನ ಹೊಟ್ಟೆಯನ್ನೂ ಡಾಕ್ಟ್ರಿಗೆ ತೋರಿಸುವ."