ಅಪೀಲಿಗೆ ಕಾಯುವ ಅಂಪೈರ್

ಶಿಬಿರದ ಐದು ಶನಿವಾರಗಳಿಗೆ ನನ್ನ ಡೈರಿಯಲ್ಲಿ ಐದು ಪುಟಗಳಿವೆ. ಪ್ರತಿ ಪುಟದಲ್ಲಿ ಎರಡು ಅಂಕಣ: ಕೊಟ್ಟ ತೀರ್ಪು ಎಷ್ಟು, ಅದರಲ್ಲಿ ತಡವಾದದ್ದು ಎಷ್ಟು. ಮೊದಲ ಶನಿವಾರ ನಲವತ್ತಕ್ಕೆ ಹತ್ತೊಂಬತ್ತು ತಡ.

ಅದು ಬೇಸ್‌ಬಾಲ್ ಅಂಪೈರ್ ಆಗಬಯಸುವವರ ತರಬೇತಿ. ನಾನು ಕೆಲಸಕ್ಕೆ ಬಂದು ನೆಲೆಸಿದ ಪರದೇಶದ ಊರಿನಲ್ಲಿ, ಬಿಶಾನ್ ಬಡಾವಣೆಯ ಒಂದು ಮೈದಾನದಲ್ಲಿ, ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ನಡೆಯುತ್ತಿತ್ತು. ನಾವು ಆರು ಜನ. ಕೊನೆಯ ಶನಿವಾರದ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಅಮೆರಿಕದ ವೃತ್ತಿಪರ ಅಂಪೈರ್ ಶಾಲೆಗೆ ಶಿಫಾರಸು ಪತ್ರ. ನನಗೆ ಆ ಪತ್ರ ಬೇಕೇ ಬೇಕಿತ್ತು. ಪತ್ರ ತೋರಿಸಿದರೆ ಒಂದು ತಿಂಗಳ ರಜೆ ಕೊಡುತ್ತೇನೆಂದು ಆಫೀಸಿನಲ್ಲಿ ಮ್ಯಾನೇಜರ್ ಹೇಳಿದ್ದರು. ನನಗೆ ಪತ್ರ ಸಿಗುತ್ತದೆಂಬ ನಂಬಿಕೆ ಅವರಿಗಿರಲಿಲ್ಲ ಎಂದು ಕಾಣುತ್ತದೆ.

ನಾನು ತಡ ಮಾಡುತ್ತಿದ್ದುದಕ್ಕೆ ಕಾರಣ ಕ್ರಿಕೆಟ್. ಮೈಸೂರಿನಲ್ಲಿ ಕಾಲೇಜು ಓದುವಾಗ ಮೂರು ವರ್ಷ ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿದ್ದೆ. ಅಲ್ಲಿ ಫೀಲ್ಡಿಂಗ್ ಮಾಡುವವರು ಅಪೀಲು ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ. ಬೇಸ್‌ಬಾಲ್‌ನಲ್ಲಿ ಓಟಗಾರ ಮೊದಲ ಬೇಸ್ ಎನ್ನುವ ಚೌಕವನ್ನು ಮುಟ್ಟುವ ಮುನ್ನ ಅಲ್ಲಿ ನಿಂತ ಫೀಲ್ಡರ್ ಚೆಂಡು ಹಿಡಿದರೆ, ಯಾರು ಕೇಳಲಿ ಬಿಡಲಿ, ಮುಷ್ಟಿ ಎತ್ತಿ ಔಟ್ ಎನ್ನಬೇಕು. ನಾನು ಫೀಲ್ಡರನ ಮುಖ ನೋಡುತ್ತಾ ನಿಲ್ಲುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಓಟಗಾರನೂ ತಿರುಗಿ ಬಂದು ನಮ್ಮಿಬ್ಬರನ್ನೂ ನೋಡುತ್ತಿದ್ದ.

ಶಿಬಿರದಲ್ಲಿ ಕನ್ನಡ ಬರುತ್ತಿದ್ದ ಇನ್ನೊಬ್ಬಳು ಉಡುಪಿಯ ಕಡೆಯವಳು. ಬ್ಯೂನಾ ವಿಸ್ಟಾದಲ್ಲಿ ಕೆಲಸ, ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿದ್ದಳಂತೆ.

“ಎಂಥ ಮಾರಾಯ, ಅವ್ರು ಫಾರ್ಮ್ ಫಿಲ್ ಮಾಡಿ ಸಬ್‌ಮಿಟ್ ಮಾಡ್ಲಿ ಅಂತ ಕಾಯ್ತಾ ಇದ್ದೀಯಾ?” ಎಂದಳು.

ಅಂದಿನಿಂದ ಟೋವಾ ಪಾಯೋದಲ್ಲಿ ನಮ್ಮ ಫ್ಲಾಟುಗಳ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ನೆಲ ಅಂತಸ್ತಿನಲ್ಲಿ, ಒಂದು ಕಂಬವನ್ನೇ ಬೇಸ್ ಎಂದುಕೊಂಡು, ಸಂಜೆಗೆ ನೂರು ಸಲ ಔಟ್ ಎಂದು ಕೂಗಿದೆ. ತರಕಾರಿ ಚೀಲ ಇಟ್ಟುಕೊಂಡು ಅಲ್ಲಿ ಕೂರುತ್ತಿದ್ದ ಆಂಟಿಯೊಬ್ಬರು ಯಾರ ಜೊತೆ ಜಗಳ ಎಂದು ವಿಚಾರಿಸಿದರು. ವಿಷಯ ತಿಳಿಸಿದ ಮೇಲೆ, ಮರುದಿನ, ಇವತ್ತು ದನಿ ಸಾಲದು ಎಂದರು. ಎರಡನೇ ಶನಿವಾರ ಹನ್ನೊಂದು ತಡ, ಮೂರನೆಯದು ನಾಲ್ಕು, ನಾಲ್ಕನೆಯದು ಸೊನ್ನೆ. ಆ ಸೊನ್ನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಅವಸರದ ತೀರ್ಪಿಗೂ ಒಂದು ಅಂಕಣ ಬೇಕೆಂದು ಆಗ ಹೊಳೆಯಲಿಲ್ಲ.

ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಹತ್ತು ತೀರ್ಪು. ಯಾವುದಾದರೂ ಒಂದಕ್ಕೆ ನಮ್ಮ ತರಬೇತುದಾರರು, ಅರವತ್ತು ದಾಟಿದ ಇಲ್ಲಿನವರೇ ಆದ ಅಂಕಲ್, ಸಿಟ್ಟಿಗೆದ್ದ ಟೀಮ್ ಮ್ಯಾನೇಜರ್ ಆಗಿ ಮೈಮೇಲೆ ಬರುತ್ತಾರೆ. ಅದೂ ಪರೀಕ್ಷೆಯ ಭಾಗವೇ.

ನನ್ನ ಏಳನೆಯ ಸರದಿಯಲ್ಲಿ ಚೆಂಡು ಗ್ಲೌಸಿಗೆ ಬಡಿದ ಸದ್ದು ಕೇಳಿದ್ದೇ ತಡ, ಮುಷ್ಟಿ ಎತ್ತಿ ಔಟ್ ಎಂದುಬಿಟ್ಟೆ. ಎತ್ತಿದ ಕೈ ಇಳಿಯುವ ಮೊದಲೇ ಚೆಂಡು ಗ್ಲೌಸಿನಿಂದ ಜಾರಿ ನನ್ನ ಶೂ ಪಕ್ಕಕ್ಕೆ ಉರುಳಿತು. ಓಟಗಾರ ಬೇಸ್ ಮೇಲೆ ನಿಂತಿದ್ದ. ಕ್ರಿಕೆಟ್‌ನ ಮೂರು ವರ್ಷಗಳಲ್ಲಿ ಎತ್ತಿದ ಬೆರಳನ್ನು ನಾನು ಒಮ್ಮೆಯೂ ಇಳಿಸಿರಲಿಲ್ಲ. ಶಿಫಾರಸು ಪತ್ರ ಕೈತಪ್ಪಿತು ಎನಿಸಿತು. ಆದರೂ ಚೆಂಡು ಕಣ್ಣೆದುರೇ ಬಿದ್ದಿತ್ತು. ಎರಡೂ ಕೈ ಅಗಲಿಸಿ ಸೇಫ್, ಅಂದರೆ ಔಟ್ ಅಲ್ಲ, ಎಂದೆ.

ಅಂಕಲ್ ಟೋಪಿ ಹಿಂದಕ್ಕೆ ತಿರುಗಿಸಿಕೊಂಡು ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. “ಔಟ್ ಆಲ್ರೆಡಿ, ನೌ ಸೇಫ್? ಯೂ ಸ್ಲೀಪಿಂಗ್ ಆರ್ ವಾಟ್?”

ಚೆಂಡು ಬಿತ್ತು, ನಾನು ಬೇಗ ಕೂಗಿದೆ, ಓಟಗಾರ ಸೇಫ್ ಎಂದೆ. ಅವರು ಮಣ್ಣು ಒದ್ದು, ನನ್ನ ಕಣ್ಣು ಪರೀಕ್ಷೆ ಮಾಡಿಸಬೇಕೆಂದು ಕೂಗಾಡಿದರು. ಮೂರು ಸಲ ಅದನ್ನೇ ಹೇಳಿದೆ, ಒಂದು ಪದವೂ ಹೆಚ್ಚು ಸೇರಿಸಲಿಲ್ಲ. ಉಳಿದ ಮೂರು ತೀರ್ಪುಗಳು ನನಗೆ ನೆನಪಿಲ್ಲ. ಸರಿ ಇದ್ದವು ಎಂದು ಡೈರಿ ಹೇಳುತ್ತದೆ.

ಫಲಿತಾಂಶಕ್ಕೆ ಕಾಯುತ್ತಾ ಮರದ ಕೆಳಗೆ ಕೂತಾಗ ಉಡುಪಿಯವಳು ಶೂ ಲೇಸ್ ಬಿಚ್ಚುತ್ತಿದ್ದಳು. “ನಂದೂ ಒಂದು ಹಂಗೇ ಆಯ್ತು. ಬಾಲ್ ಬಿದ್ದಿದ್ದು ಕಾಣ್ತು, ಆದ್ರೆ ಚೇಂಜ್ ಮಾಡ್ಲಿಕ್ಕೆ ನಾಚಿಕೆ ಆಗಿ ಸುಮ್ನೆ ನಿಂತೆ,” ಎಂದಳು. ಅವಳಿಗೆ ಮುಂದಿನ ಶಿಬಿರಕ್ಕೆ ಮತ್ತೆ ಬರಲು ಹೇಳಿದರು.

ನನ್ನ ಹಾಳೆಯಲ್ಲಿ ಏಳನೆಯದರ ಎದುರು ತಪ್ಪು ಗುರುತೂ ಇತ್ತು, ಅದರ ಪಕ್ಕದಲ್ಲೇ ಸರಿ ಗುರುತೂ ಇತ್ತು. ಎರಡನ್ನೂ ತೋರಿಸಿ ಅಂಕಲ್, “ಯೂ ನೆವರ್ ಹೈಡ್. ಪಾಸ್ ಲಾ,” ಎಂದು ಇಲ್ಲಿನವರ ಧಾಟಿಯಲ್ಲಿ ಹೇಳಿದರು. ಅವರು ಕೊಟ್ಟ ಪತ್ರವನ್ನು ಎರಡು ಸಲ ಓದಿ ಬ್ಯಾಗಿಗೆ ಹಾಕಿದೆ.

ಬಿಶಾನ್ ಸ್ಟೇಷನ್ನಿನಲ್ಲಿ ಉಡುಪಿಯವಳು ಬ್ಯೂನಾ ವಿಸ್ಟಾ ಕಡೆಯ ಲೈನಿಗೆ ಇಳಿದು ಹೋದಳು. ನಾನು ನನ್ನ ಲೈನಿನ ರೈಲು ಹತ್ತಿ, ಪತ್ರವಿದ್ದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಟೋವಾ ಪಾಯೋಗೆ ಅಲ್ಲಿಂದ ಎರಡೇ ಸ್ಟೇಷನ್. ಅಷ್ಟರಲ್ಲೇ ನಿದ್ದೆ ಹತ್ತಿತು, ಎಚ್ಚರವಾದಾಗ ರೈಲು ಎಷ್ಟೋ ಮುಂದೆ ಹೋಗಿತ್ತು. ಎಷ್ಟು ಸ್ಟೇಷನ್ ಎಂದು ಎಣಿಸಲಿಲ್ಲ.